ಟ್ರಂಕಿನ ಗೊಂಬೆಗೆ ಬೆಲೆ ಕಟ್ಟುವ ಮುನ್ನ

ಜಗಳೂರು ತಾಲ್ಲೂಕಿನ ಬಿಳಿಚೋಡು ಕಡೆ ಗೊಂಬೆಯೆಂದರೆ ಹೆಚ್ಚಾಗಿ ಉಳಿಯುವ ವಸ್ತುವಲ್ಲ. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳು ನೀರಿಗೆ, ಗೌರಿ ಹುಣ್ಣಿಮೆಯ ಸಕ್ಕರೆ ಗೊಂಬೆಗಳು ಮಕ್ಕಳ ಬಾಯಿಗೆ. ಹಾಗಾಗಿ ಅಟ್ಟದ ಟ್ರಂಕಿನಲ್ಲಿ ಹಳೆಯ ಗೊಂಬೆಯೊಂದು ಸಿಕ್ಕರೆ ಅದು ಹೊರಗಿನಿಂದ ಬಂದಿರುವ ಸಾಧ್ಯತೆಯೇ ಜಾಸ್ತಿ: ಸೊಸೆಯ ತವರಿನಿಂದ, ಜಾತ್ರೆಯಿಂದ, ಇಲ್ಲವೇ ಪಟ್ಟಣದ ನೆಂಟರ ಕೈಚೀಲದಿಂದ. ಸಿಕ್ಕ ಸಂಜೆಯೇ ‘ಎಷ್ಟು ಹಳೇದು, ಎಷ್ಟಕ್ಕೆ ಹೋದೀತು’ ಎಂಬ ಮಾತು ಏಳುತ್ತದೆ. ಜೊತೆಗೇ ಹಲವು ತಪ್ಪು ಲೆಕ್ಕಗಳೂ.

ತಪ್ಪು ಕಲ್ಪನೆ: ಗೊಂಬೆಯ ಬೆನ್ನ ಮೇಲಿನ ಇಸವಿಯೇ ಅದು ತಯಾರಾದ ವರ್ಷ.

ಸತ್ಯ: ಬಾರ್ಬಿಯನ್ನೇ ನೋಡಿ. ಅಮೆರಿಕದ ಮ್ಯಾಟೆಲ್ ಕಂಪನಿ ಅದನ್ನು ಹೊರತಂದದ್ದು 1959ರಲ್ಲಿ. ಬೆನ್ನ ಕೆಳಗೆ ‘1966’ ಎಂದು ಅಚ್ಚಾದ ಬಾರ್ಬಿಗಳು ಲೆಕ್ಕವಿಲ್ಲದಷ್ಟಿವೆ. ಅದು ದೇಹದ ಅಚ್ಚಿನ ಹಕ್ಕುಸ್ವಾಮ್ಯ ದಾಖಲಾದ ವರ್ಷ ಅಷ್ಟೇ. ಅದೇ ಗುರುತು 1990ರ ದಶಕದ ಗೊಂಬೆಗಳ ಮೇಲೂ ಇದೆ. ತಲೆಯ ಹಿಂಭಾಗದಲ್ಲಿ ಬೇರೆಯದೇ ಇಸವಿ ಇರುವುದುಂಟು, ಏಕೆಂದರೆ ತಲೆಯ ಅಚ್ಚು ಬೇರೆ, ಮೈಯ ಅಚ್ಚು ಬೇರೆ. ಸೀರೆಯುಟ್ಟ ಭಾರತೀಯ ಬಾರ್ಬಿಯ ಡಬ್ಬಿ ಉಳಿದಿದ್ದರೆ ಅದರ ಮೇಲೆ ‘ಲಿಯೊ ಮ್ಯಾಟೆಲ್’ ಹೆಸರನ್ನು ಹುಡುಕಿ. ಕಾಲ ಹೇಳುವುದರಲ್ಲಿ ಬೆನ್ನಿಗಿಂತ ಡಬ್ಬಿಯನ್ನು ನಂಬಬಹುದು.

ತಪ್ಪು ಕಲ್ಪನೆ: ದಸರೆಯ ಪಟ್ಟದ ಗೊಂಬೆ ಶ್ರೀಗಂಧದ್ದು, ಅದಕ್ಕೇ ದುಬಾರಿ.

ಸತ್ಯ: ಎಡವಿಸುವುದು ‘ಚಂದನ’ ಎಂಬ ಪದ. ಹಳೆಯ ರಾಜ-ರಾಣಿ ಜೋಡಿಗಳಲ್ಲಿ ಅನೇಕವು ರಕ್ತಚಂದನದವು. ಶ್ರೀಗಂಧಕ್ಕೂ ರಕ್ತಚಂದನಕ್ಕೂ ಸಸ್ಯಕುಲವೇ ಬೇರೆ. ರಕ್ತಚಂದನದ ಚೇಗು ಗಾಢ ಕೆಂಪು, ಭಾರ. ಗಂಧದ ಪರಿಮಳ ಅದಕ್ಕಿಲ್ಲ. ಘಮ್ಮೆಂದರೂ ಅನುಮಾನವಿರಲಿ, ಅತ್ತರು ಸವರುವುದು ಕಷ್ಟದ ಕೆಲಸವೇನಲ್ಲ. ಪರೀಕ್ಷೆಗೆಂದು ಚಾಕುವಿನಿಂದ ಕೆರೆದರೆ ಗೊತ್ತಾಗುವುದಕ್ಕಿಂತ ಕಳೆದುಕೊಳ್ಳುವುದೇ ಹೆಚ್ಚು.

ತಪ್ಪು ಕಲ್ಪನೆ: ಬಣ್ಣದ ಮರದ ಗೊಂಬೆಗಳೆಲ್ಲ ಚನ್ನಪಟ್ಟಣದವು.

ಸತ್ಯ: ಕೈಗೆತ್ತಿಕೊಂಡು ಬೆಳಕಿಗೆ ಹಿಡಿಯಿರಿ. ಚನ್ನಪಟ್ಟಣದ ಗೊಂಬೆ ಆಲೆ ಮರದ್ದು, ಯಂತ್ರದಲ್ಲಿ ತಿರುಗಿಸಿ ಕಡೆದದ್ದು. ತಿರುಗುವ ಮರಕ್ಕೆ ಬಣ್ಣದ ಅರಗನ್ನು ಒತ್ತಿದರೆ ಉಜ್ಜಿದ ಬಿಸಿಗೆ ಅದು ಕರಗಿ ಹತ್ತಿಕೊಳ್ಳುತ್ತದೆ. ಆದ್ದರಿಂದ ಮೈ ದುಂಡಗೆ, ಬಣ್ಣ ಬಳೆಯಂತೆ ಸುತ್ತುಸುತ್ತಾಗಿ, ಹೊಳಪು ನುಣುಪಾಗಿ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಯ ಬಗೆಯೇ ಬೇರೆ. ಅಲ್ಲಿನ ಚಿತ್ರಗಾರರು ಹಗುರ ಮರವನ್ನು ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಭಾಗಗಳನ್ನು ಕೂಡಿಸುತ್ತಾರೆ. ಸೆಣಬಿನ ಚಿಂದಿ, ಮರದ ಹೊಟ್ಟು ಕಲಸಿದ ‘ಕಿಟ್ಟ’ವನ್ನು ಮೆತ್ತಿ, ಒಡವೆಗಳನ್ನು ಕಲ್ಲುಪುಡಿಯ ಸರಿಯಿಂದ ಉಬ್ಬಿಸುತ್ತಾರೆ. ಬೆರಳಾಡಿಸಿದರೆ ಕಂಠೀಹಾರ ತಾಕುತ್ತದೆ. ಕುಂಚದ ಗೆರೆಗಳು ಕಣ್ಣಿಗೇ ಕಾಣುತ್ತವೆ.

ತಪ್ಪು ಕಲ್ಪನೆ: ತೊಳೆದು ಹೊಸ ಬಣ್ಣ ಹೊಡೆದರೆ ಬೆಲೆ ಏರುತ್ತದೆ.

ಸತ್ಯ: ಇಳಿಯುತ್ತದೆ, ಅದೂ ಸರ್ರನೆ. ಕಿನ್ನಾಳದ ಅಂಟು ನೀರಿಗೆ ಸಡಿಲವಾಗುತ್ತದೆ. ಚನ್ನಪಟ್ಟಣದ ಅರಗು ನೀರನ್ನು ತಡೆದೀತು, ಸ್ಪಿರಿಟ್‌ಗೆ ಕರಗುತ್ತದೆ. ಸ್ಯಾನಿಟೈಸರ್‌ನಲ್ಲಿ ಒರೆಸಿದವರ ಕೈಗೆ ಗೊಂಬೆಯ ಬಣ್ಣವೇ ಬರುತ್ತದೆ. ಸಂಗ್ರಾಹಕರು ಹುಡುಕುವುದು ಮೂಲ ಬಣ್ಣವನ್ನು, ಸವೆದಿದ್ದರೂ ಸರಿ. ನಿಜವಾದ ಸವೆತ ಮೂಗಿನ ತುದಿ, ಮೊಣಕೈ, ಮಕ್ಕಳು ಹಿಡಿಯುವ ನಡುವಿನಲ್ಲಿರುತ್ತದೆ. ಮೈಯೆಲ್ಲ ಒಂದೇ ಸಮ ಕಂದಿದ್ದರೆ ಹೊಗೆಯದೋ ಚಹಾದ ಕಷಾಯದ್ದೋ ಕೈವಾಡವನ್ನು ಶಂಕಿಸಬೇಕು. ಹಳೆಯ ತೆಳು ಪ್ಲಾಸ್ಟಿಕ್ ಗೊಂಬೆಯನ್ನು ಹೆಬ್ಬೆರಳಿನಿಂದ ಉಜ್ಜಿ ಬಿಸಿಮಾಡಿದಾಗ ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್. ಕಾದ ಸೂಜಿಯ ಪರೀಕ್ಷೆ ಮಾತ್ರ ಬೇಡ, ಭಗ್ಗನೆ ಹೊತ್ತಿಕೊಳ್ಳುವ ವಸ್ತು ಅದು.

ತಪ್ಪು ಕಲ್ಪನೆ: ನೂರು ವರ್ಷ ದಾಟಿದರೆ ಲಕ್ಷಾಂತರ ರೂಪಾಯಿ, ಬೇಕಾದವರಿಗೆ ಮಾರಬಹುದು.

ಸತ್ಯ: ಮೊಬೈಲಿನಲ್ಲಿ ಕಾಣುವುದು ಮಾರುವವರು ಕೇಳುವ ಬೆಲೆ, ಕುದುರಿದ ಬೆಲೆಯಲ್ಲ. ಮಾರಾಟವಾಗಿ ಮುಗಿದವುಗಳ ದರವನ್ನೇ ಹೋಲಿಸಬೇಕು. ಇನ್ನು 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಕಲಾಕೃತಿ ‘ಪುರಾವಸ್ತು’ ಎನಿಸಬಹುದು. ಆಗ ಅದನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ, ಅದರ ವ್ಯಾಪಾರ ಮಾಡುವವರಿಗೆ ಪರವಾನಗಿ ಬೇಕು. ಯಾವುದು ಪುರಾವಸ್ತು ಎಂಬ ತಕರಾರು ಬಂದರೆ ತೀರ್ಮಾನ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯದು.

ಬೆಲೆಯನ್ನು ನಿಜಕ್ಕೂ ಎತ್ತುವುದು ಗೊಂಬೆಯ ಪೂರ್ವಾಪರ: ಯಾರ ಮದುವೆಯಲ್ಲಿ ಬಂತು, ಯಾವ ಊರಿನಿಂದ, ಜೊತೆಯ ಫೋಟೊ ಇದೆಯೇ. ಪಟ್ಟದ ಗೊಂಬೆಯಾದರೆ ಜೋಡಿ ಪೂರ್ತಿಯಿದೆಯೇ. ಮನೆ ಹಿಸ್ಸೆಯಾದಾಗ ರಾಣಿ ಒಂದು ಟ್ರಂಕಿಗೆ, ರಾಜ ಇನ್ನೊಂದಕ್ಕೆ ಹೋಗಿರುವುದುಂಟು. ಅಂಗಡಿಗೆ ಹೊರಡುವ ಮೊದಲು ಅಜ್ಜಿಯ ತವರಿಗೊಂದು ಫೋನು ಮಾಡಿ, ಅವರ ಅಟ್ಟದಲ್ಲೂ ಒಮ್ಮೆ ಹುಡುಕಿಸಿ.