ಓಟು ಅಷ್ಟೇ, ಸೀಟು ಮಾತ್ರ 38 ಕಮ್ಮಿ: 2023ರ ಫಲಿತಾಂಶದ ಲೆಕ್ಕವೇನು?

ಚಿಕ್ಕಮಗಳೂರು: 2023ರ ವಿಧಾನಸಭಾ ಚುನಾವಣೆಯ ಮಾತು ಬಂದಾಗಲೆಲ್ಲ ಕೇಳುವ ಪ್ರಶ್ನೆ ಒಂದಿದೆ. ಬಿಜೆಪಿ ಓಟು ಹೆಚ್ಚು ಇಳಿದಿಲ್ಲ ಅಂತಾರೆ, ಹಾಗಾದ್ರೆ ಸೀಟು ಎಲ್ಲಿಗೆ ಹೋಯ್ತು? ಉತ್ತರ ಅಂಕಿ-ಅಂಶದಲ್ಲೇ ಇದೆ.

ಮೇ 10ರಂದು ಮತದಾನ, ಮೇ 13ರಂದು ಎಣಿಕೆ ನಡೆಯಿತು. 224 ಸ್ಥಾನಗಳಲ್ಲಿ ಬಹುಮತಕ್ಕೆ 113 ಬೇಕು. ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19, ಇತರರು 4 ಕಡೆ ಗೆದ್ದರು. 2018ರಲ್ಲಿ ಬಿಜೆಪಿ 104, ಕಾಂಗ್ರೆಸ್ 80, ಜೆಡಿಎಸ್ 37 ಗೆದ್ದಿದ್ದವು.

ಶೇಕಡಾವಾರು ಏನು ಹೇಳುತ್ತೆ?

ಎರಡೂ ಚುನಾವಣೆಗಳಲ್ಲಿ ಬಿಜೆಪಿ ಪಡೆದದ್ದು ಸುಮಾರು ಶೇ 36ರಷ್ಟು ಮತ. ಜೆಡಿಎಸ್ ಶೇ 18ರಿಂದ 13ಕ್ಕೆ ಇಳಿಯಿತು. ಕಾಂಗ್ರೆಸ್ ಶೇ 38ರಿಂದ ಸುಮಾರು 43ಕ್ಕೆ ಏರಿತು.

ನಮ್ಮಲ್ಲಿ ಶೇಕಡಾವಾರು ನೋಡಿ ಸೀಟು ಹಂಚುವುದಿಲ್ಲ. ಕ್ಷೇತ್ರದಲ್ಲಿ ಯಾರಿಗೆ ಒಂದು ಓಟು ಜಾಸ್ತಿಯೋ ಅವರೇ ಶಾಸಕ. ಹಳೇ ಮೈಸೂರು ಭಾಗದಲ್ಲಿ ಬಿಜೆಪಿ ಮತ ಹೆಚ್ಚಾದರೂ ಗೆಲ್ಲುವಷ್ಟು ಆಗಲಿಲ್ಲ. ಕಿತ್ತೂರು ಮತ್ತು ಕಲ್ಯಾಣ ಕರ್ನಾಟಕದಲ್ಲಿ ಕಮ್ಮಿಯಾದ ಮತ ಗೆದ್ದಿದ್ದ ಸೀಟುಗಳನ್ನೇ ಕಳೆಯಿತು. ಒಟ್ಟು ಲೆಕ್ಕ ಸರಿಹೋಯಿತು, ಸೀಟು ಹೋಯಿತು. 2018ರಲ್ಲಿ ಮಂಡ್ಯ ಜಿಲ್ಲೆಯ ಏಳಕ್ಕೆ ಏಳನ್ನೂ ಗೆದ್ದಿದ್ದ ಜೆಡಿಎಸ್‌ಗೆ ಈ ಸಲ ಅಲ್ಲಿ ಉಳಿದದ್ದು ಕೆ.ಆರ್.ಪೇಟೆ ಒಂದೇ.

ಜಿಲ್ಲೆಯಲ್ಲಿ ಏನಾಯ್ತು?

2018ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಐದರಲ್ಲಿ ನಾಲ್ಕು ಬಿಜೆಪಿಗೆ ಬಂದಿದ್ದವು. 2023ರಲ್ಲಿ ಐದೂ ಕಾಂಗ್ರೆಸ್ ಪಾಲಾದವು. ಇಲ್ಲಿ ನೋಡಬೇಕಾದ್ದು ಮೂಡಿಗೆರೆ. ಬಿಜೆಪಿ ಟಿಕೆಟ್ ತಪ್ಪಿದ ಶಾಸಕ ಎಂ.ಪಿ.ಕುಮಾರಸ್ವಾಮಿ ಜೆಡಿಎಸ್‌ನಿಂದ ನಿಂತು ಸುಮಾರು 26 ಸಾವಿರ ಮತ ಪಡೆದರು. ಕಾಂಗ್ರೆಸ್‌ನ ನಯನಾ ಮೋಟಮ್ಮ ಗೆದ್ದಿದ್ದು 722 ಮತಗಳಿಂದ. ಆ 26 ಸಾವಿರವೂ ಬಿಜೆಪಿಗೇ ಬರುತ್ತಿತ್ತು ಅನ್ನೋಕಾಗಲ್ಲ. ಆದರೆ ಅದರಲ್ಲಿ ನೂರಕ್ಕೆ ಮೂರು ಬಂದಿದ್ದರೂ ಫಲಿತಾಂಶ ಬೇರೆಯಾಗುತ್ತಿತ್ತು.

ಒಂದು ಓಟಿನ ಬೆಲೆ

ಬೆಂಗಳೂರಿನ ಗಾಂಧಿನಗರದಲ್ಲಿ ಕಾಂಗ್ರೆಸ್‌ನ ದಿನೇಶ್ ಗುಂಡೂರಾವ್ 105 ಮತಗಳಿಂದ ಗೆದ್ದರು. ಜಯನಗರದಲ್ಲಿ ಮರುಎಣಿಕೆ ನಡೆದು, ಬಿಜೆಪಿಯ ಸಿ.ಕೆ.ರಾಮಮೂರ್ತಿ 16 ಮತಗಳಿಂದ ಗೆದ್ದರೆಂದು ರಾತ್ರಿ ಹೊತ್ತಿಗೆ ಘೋಷಣೆಯಾಯಿತು. ಅದಕ್ಕೂ ಹಿಂದೆ, 2004ರಲ್ಲಿ, ಸಂತೇಮರಹಳ್ಳಿಯಲ್ಲಿ ಕಾಂಗ್ರೆಸ್‌ನ ಆರ್.ಧ್ರುವನಾರಾಯಣ ಗೆದ್ದಿದ್ದು ಒಂದೇ ಒಂದು ಮತದಿಂದ. ಸೋತವರು ಜೆಡಿಎಸ್‌ನಲ್ಲಿದ್ದ ಎ.ಆರ್.ಕೃಷ್ಣಮೂರ್ತಿ. ಸಮ ಬಂದಿದ್ದರೆ ಕಾನೂನಿನ ಪ್ರಕಾರ ಲಾಟರಿ ಎತ್ತಬೇಕಿತ್ತು.

ಇವೂ ಗೊತ್ತಿರಲಿ

* ನೋಟಾಗೆ ಎಷ್ಟೇ ಓಟು ಬಿದ್ದರೂ, ಅಭ್ಯರ್ಥಿಗಳ ಪೈಕಿ ಹೆಚ್ಚು ಮತ ಪಡೆದವರೇ ವಿಜೇತರು.
* ವಿಧಾನಸಭೆಗೆ ಠೇವಣಿ 10 ಸಾವಿರ ರೂ. (ಪರಿಶಿಷ್ಟರಿಗೆ 5 ಸಾವಿರ). ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬಾರದಿದ್ದರೆ ಸೋತವರ ಠೇವಣಿ ಹೋಯ್ತು.
* ಪ್ರತಿ ಕ್ಷೇತ್ರದಲ್ಲಿ ಚೀಟಿ ಎತ್ತಿ ಆರಿಸಿದ 5 ಬೂತ್‌ಗಳ ವಿವಿಪ್ಯಾಟ್ ಸ್ಲಿಪ್‌ಗಳನ್ನು ಇವಿಎಂ ಲೆಕ್ಕಕ್ಕೆ ತಾಳೆ ನೋಡುತ್ತಾರೆ.
* ನಿಮ್ಮ ಬೂತ್‌ನಲ್ಲಿ ಯಾರಿಗೆ ಎಷ್ಟು ಬಿತ್ತು ಎಂಬ ವಿವರ ಫಾರಂ 20ರಲ್ಲಿ ಇರುತ್ತದೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಮುಂದಿನ ಸಲ ಅಂಗಡಿ ಮುಂದೆ ವಾದ ಬಿದ್ದರೆ ಅದನ್ನೇ ತೆಗೆದು ತೋರಿಸಿ.