ಅನಿಲದ ಒಡೆಯರು ಯಾರು?

ಕರಾರುಪತ್ರದ ಕೆಳಗೆ ಯಾರ ಸಹಿ ಇದೆಯೆಂಬುದನ್ನು ನೋಡುವದು ವ್ಯವಹಾರಜ್ಞಾನದ ಮೊದಲನೆಯ ಪಾಠವು. ಸಹಿ ಹಾಕಿದ ಕೈ ಯಾರ ಹಿಡಿತದಲ್ಲಿದೆಯೆಂಬುದನ್ನು ವಿಚಾರಿಸುವದು ಎರಡನೆಯ ಪಾಠ. ಈ ಎರಡನೆಯ ಪಾಠವನ್ನು ನಮ್ಮ ದೇಶವು 2022ನೆಯ ಇಸವಿಯಲ್ಲಿ ಬೆಲೆ ತೆತ್ತು ಕಲಿಯಬೇಕಾಯಿತು. ಆ ವೃತ್ತಾಂತವನ್ನು ವಾಚಕರ ಮುಂದಿಡುವದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ರಶಿಯಾದ ಗಾಜ್‌ಪ್ರೋಮ್ ಎಂಬುದು ಹೆಸರಿಗೆ ಕಂಪೆನಿ. ಹುಟ್ಟಿನಿಂದ ಸರಕಾರಿ ಖಾತೆ. ಸೋವಿಯೆತ್ ಸರಕಾರದ ಅನಿಲೋದ್ಯಮ ಖಾತೆಯೇ 1989ರಲ್ಲಿ ಈ ಸಂಸ್ಥೆಯಾಗಿ ಮಾರ್ಪಟ್ಟಿತು. ಆ ಖಾತೆಯ ಮಂತ್ರಿಗಳಾಗಿದ್ದ ವಿಕ್ಟರ್ ಚೆರ್ನೊಮಿರ್ದಿನ್ ಅವರೇ ಇದರ ಮೊದಲನೆಯ ಮುಖ್ಯಸ್ಥರಾದರು. 1993ರಲ್ಲಿ ಶೇರುಗಳ ಕಂಪೆನಿಯಾದ ಮೇಲೆ ಒಡೆತನವು ಹಲವರಲ್ಲಿ ಹಂಚಿಹೋಯಿತು. 2005ರಲ್ಲಿ ಸರಕಾರವು ಶೇರುಗಳನ್ನು ಕೊಂಡು ತನ್ನ ಪಾಲನ್ನು ನೂರಕ್ಕೆ 50ರ ಗೆರೆಯಾಚೆ ಒಯ್ದಿತು. ಈ ಪಾಲಿನಲ್ಲಿಯೂ ದೊಡ್ಡ ಭಾಗವು ಸರಕಾರಿ ಸ್ವತ್ತಿನ ಇಲಾಖೆಯದು. ಉಳಿದದ್ದು ಸರಕಾರದ ಅಧೀನದಲ್ಲಿರುವ ಬೇರೆ ಎರಡು ಸಂಸ್ಥೆಗಳ ಹೆಸರಿನಲ್ಲಿದೆ.

ಇಂತಹ ತಾಯಿಸಂಸ್ಥೆಯು ತನ್ನ ಅಂಗಸಂಸ್ಥೆಗಳನ್ನು ಬೆಳೆಸಿದ ರೀತಿಯು ಗಮನಾರ್ಹವಾದದ್ದು. ಅದೇ 2005ರಲ್ಲಿ ರೋಮನ್ ಅಬ್ರಮೋವಿಚ್ ಅವರ ಕಡೆಯಿಂದ ಸಿಬ್‌ನೆಫ್ತ್ ಎಂಬ ತೈಲಕಂಪೆನಿಯ ಸುಮಾರು ಮುಕ್ಕಾಲು ಪಾಲನ್ನು 1,300 ಕೋಟಿ ಡಾಲರಿಗೆ ಕೊಂಡು, ಅದಕ್ಕೆ ಗಾಜ್‌ಪ್ರೋಮ್ ನೆಫ್ತ್ ಎಂದು ಹೆಸರಿಟ್ಟಿತು. ಸಖಾಲಿನ್ ದ್ವೀಪದ ಎರಡನೆಯ ಯೋಜನೆಯಲ್ಲಿ ಆಗ ಶೆಲ್, ಮಿತ್ಸುಯಿ, ಮಿತ್ಸುಬಿಷಿ ಈ ಮೂರೇ ಪರದೇಶೀ ಕಂಪೆನಿಗಳು ಒಡೆಯರಾಗಿದ್ದವು. ಪರಿಸರಕ್ಕೆ ಹಾನಿ ಮಾಡಿದರೆಂದು ರಶಿಯನ್ ಅಧಿಕಾರಿಗಳು ಅವರನ್ನು ಬಿಗಿಹಿಡಿದರು; 2006ರ ಡಿಸೆಂಬರದಲ್ಲಿ ಅರ್ಧ ಪಾಲು, ಮೇಲೊಂದು ಶೇರು, 745 ಕೋಟಿ ಡಾಲರಿಗೆ ಗಾಜ್‌ಪ್ರೋಮಿಗೆ ಸಲ್ಲುವ ಒಪ್ಪಂದವಾಯಿತು. ಬಾಲ್ಟಿಕ್ ಸಮುದ್ರದ ಕೆಳಗಿನ ನಾರ್ಡ್ ಸ್ಟ್ರೀಮ್ ಕೊಳವೆಯ ಕಂಪೆನಿಯಲ್ಲಿಯೂ ನೂರಕ್ಕೆ 51 ಪಾಲು ಇದರದೇ ಆಗಿತ್ತು. ಅರ್ಧದ ಮೇಲಿನ ಆ ಒಂದು ಶೇರಿನಲ್ಲಿಯೇ ಒಡೆತನದ ಮರ್ಮವೆಲ್ಲ ಅಡಗಿರುವದು. 2001ರಲ್ಲಿ ಎನ್‌ಟಿವಿ ಎಂಬ ಸ್ವತಂತ್ರ ದೂರದರ್ಶನ ಸಂಸ್ಥೆಯೂ ಗಾಜ್‌ಪ್ರೋಮಿನ ವಶವಾಯಿತೆಂಬುದನ್ನು ಪತ್ರಿಕಾವೃತ್ತಿಯಲ್ಲಿರುವ ನಾವು ಮರೆಯಲಾರೆವು. ಒಲೆಯ ಉರಿಯನ್ನು ಮಾರುವವನೇ ಸುದ್ದಿಯನ್ನೂ ಮಾರತೊಡಗಿದರೆ ಪ್ರಜೆಯು ಯಾರನ್ನು ಕೇಳಬೇಕು?

ಇನ್ನು ನಮ್ಮ ಸಂಗತಿ. ಭಾರತದ ಸರಕಾರಿ ಅನಿಲಕಂಪೆನಿಯಾದ ಗೇಲ್, ವರ್ಷಕ್ಕೆ 25 ಲಕ್ಷ ಟನ್ ದ್ರವೀಕೃತ ಅನಿಲವನ್ನು 20 ವರ್ಷ ಕೊಳ್ಳುವ ಕರಾರನ್ನು 2012ರಲ್ಲಿ ಮಾಡಿಕೊಂಡಿತು. ಮೊದಲನೆಯ ಹಡಗು 2018ರ ಜೂನದಲ್ಲಿ ಗುಜರಾತದ ದಹೇಜ್ ಬಂದರಕ್ಕೆ ಬಂದಿತು. ಆದರೆ ಕರಾರಿಗೆ ಸಹಿ ಹಾಕಿದವರು ಮಾಸ್ಕೋದ ತಾಯಿಸಂಸ್ಥೆಯವರಲ್ಲ, ಸಿಂಗಾಪುರದ ಅಂಗಸಂಸ್ಥೆಯವರು. ಆ ಸಿಂಗಾಪುರದ ಕಂಪೆನಿಯು ಲಂಡನದ ಕಂಪೆನಿಯದು, ಲಂಡನದ್ದು ಬರ್ಲಿನ್ನಿನ ಗಾಜ್‌ಪ್ರೋಮ್ ಗೆರ್ಮಾನಿಯಾದ್ದು, ಬರ್ಲಿನ್ನಿನದು ರಶಿಯಾದ್ದು. ಹೀಗೆ ವಂಶವೃಕ್ಷದ ಮೊಮ್ಮಗನ ಮಾತನ್ನು ನಂಬಿ ನಾವು ಇಪ್ಪತ್ತು ವರ್ಷದ ಲೆಕ್ಕ ಹಾಕಿಕೊಂಡಿದ್ದೆವು.

2022ರ ಫೆಬ್ರುವರಿಯಲ್ಲಿ ರಶಿಯಾವು ಯುಕ್ರೇನಿನ ಮೇಲೆ ಪೂರ್ಣ ಯುದ್ಧವನ್ನು ಹೂಡಿತು. ಮಾರ್ಚಿನ ಕೊನೆಗೆ ಗಾಜ್‌ಪ್ರೋಮು ಬರ್ಲಿನ್ನಿನ ಸಂಸ್ಥೆಯ ಸಂಬಂಧವನ್ನು ಕಡಿದುಕೊಂಡಿತು. ಎಪ್ರಿಲ್ 4ರಂದು ಜರ್ಮನ್ ಸರಕಾರವು ಅದನ್ನು ತನ್ನ ಪಾರುಪತ್ಯಕ್ಕೆ ತೆಗೆದುಕೊಂಡಿತು. ಮುಂದೆ ಅದಕ್ಕೆ ಸೇಫೆ ಎಂದು ಹೆಸರಿಟ್ಟು ನವೆಂಬರದಲ್ಲಿ ರಾಷ್ಟ್ರೀಕರಿಸಿತು. ನಡುವೆ ಮೇ ತಿಂಗಳಲ್ಲಿ ರಶಿಯಾವು ಆ ಸಂಸ್ಥೆಯನ್ನೂ ಅದರ ಅಂಗಸಂಸ್ಥೆಗಳನ್ನೂ ಬಹಿಷ್ಕಾರದ ಪಟ್ಟಿಯಲ್ಲಿ ಸೇರಿಸಿತು. ಸಿಂಗಾಪುರದ ಕಂಪೆನಿಯ ಕೈಗೆ ರಶಿಯಾದ ಅನಿಲ ಬಾರದಾಯಿತು. ನಮ್ಮ ಹಡಗುಗಳು ನಿಂತವು. ಈ ಜಗಳದಲ್ಲಿ ಭಾರತವು ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ. ಗೂಳಿಗಳೆರಡರ ಕಾದಾಟದಲ್ಲಿ ತುಳಿಸಿಕೊಂಡ ಹುಲ್ಲಿನ ಗತಿ ನಮ್ಮದಾಯಿತು.

ಇದರ ಪೆಟ್ಟು ಯಾರಿಗೆ ತಾಗಿತು? ಅನಿಲವಿಲ್ಲದೆ ಯೂರಿಯಾ ಇಲ್ಲ. ಗೇಲ್ ಕಂಪೆನಿಯು ಆ ವರ್ಷ ಗೊಬ್ಬರದ ಕಾರಖಾನೆಗಳಿಗೂ ಇತರ ಉದ್ಯಮಗಳಿಗೂ ಕೊಡುವ ಅನಿಲವನ್ನು ಕಡಿಮೆ ಮಾಡಬೇಕಾಯಿತು. ಪೇಟೆಯಲ್ಲಿ ಬಿಡಿಯಾಗಿ ಕೊಳ್ಳೋಣವೆಂದರೆ ಯುರೋಪದ ನೂಕುನುಗ್ಗಲಿನಿಂದ ಬೆಲೆಯು ಗಗನಕ್ಕೇರಿತ್ತು. ಇದು ಕನ್ನಡಿಗರಿಗೆ ದೂರದ ಸುದ್ದಿಯಲ್ಲ. ದಾಭೋಳದಿಂದ ಬೆಳಗಾವಿ, ಧಾರವಾಡ, ದಾವಣಗೆರೆಗಳ ಮಾರ್ಗವಾಗಿ 2013ರಲ್ಲಿ ಬೆಂಗಳೂರನ್ನು ಮುಟ್ಟಿದ ಕೊಳವೆಯೂ, 2021ರ ಜನವರಿಯಲ್ಲಿ ಲೋಕಾರ್ಪಣೆಯಾದ ಕೊಚ್ಚಿ–ಮಂಗಳೂರು ಕೊಳವೆಯೂ ಇದೇ ಗೇಲ್ ಕಂಪೆನಿಯವು. ಸಮುದ್ರದಾಚೆ ಶೇರುಗಳು ಕೈ ಬದಲಾಯಿಸಿದರೆ ಅದರ ಸೆಳಕು ನಮ್ಮ ಹೊಲದ ಬದುವಿನ ವರೆಗೆ ಬರುವದು.

ಗೇಲ್ ಸುಮ್ಮನೆ ಕೂಡ್ರಲಿಲ್ಲ. 2023ರಲ್ಲಿ ಲಂಡನದ ಪಂಚಾಯತಿ ನ್ಯಾಯಮಂಡಲಿಯಲ್ಲಿ ಸುಮಾರು 180 ಕೋಟಿ ಡಾಲರುಗಳ ದಾವೆ ಹೂಡಿತು. 2025ರ ಜನವರಿಯಲ್ಲಿ 28.5 ಕೋಟಿ ಡಾಲರುಗಳಿಗೆ ರಾಜಿಯಾಯಿತು. ಹಡಗುಗಳೂ 2023ರಿಂದ ತಿರುಗಿ ಬರಹತ್ತಿದವು. ರಾಜಿಯನ್ನು ನಾವು ಹಳಿಯುವದಿಲ್ಲ. ಕೇಳಿದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ಅಂತರವನ್ನು ಮಾತ್ರ ವಾಚಕರು ಮನಸ್ಸಿನಲ್ಲಿಡತಕ್ಕದ್ದು.

ಪರದೇಶದೊಡನೆ ವ್ಯಾಪಾರ ಬೇಡವೆಂದು ನಾವು ಹೇಳುತ್ತಿಲ್ಲ. ಆದರೆ ರೈತನ ಗೊಬ್ಬರವೂ ಗೃಹಿಣಿಯ ಒಲೆಯೂ ಯಾವ ಕರಾರನ್ನು ಅವಲಂಬಿಸಿವೆಯೋ ಅದಕ್ಕೆ ಅಂಗಸಂಸ್ಥೆಯ ಸಹಿ ಸಾಲದು. ತಾಯಿಸಂಸ್ಥೆಯೇ ಜಾಮೀನಾಗಿ ನಿಲ್ಲಬೇಕು. ಮಾರುವವರ ಒಡೆತನದ ವಂಶಾವಳಿಯು ಕರಾರಿನ ದಿನವೇ ಪಾರ್ಲಿಮೆಂಟಿನ ಮುಂದೆ ಬರಬೇಕು. ಒಡೆಯರು ಬದಲಾದಾಗ ಏನೆಂಬುದೂ ಅದರಲ್ಲಿಯೇ ಬರೆಯಲ್ಪಟ್ಟಿರಬೇಕು. ಹೆಣ್ಣು ಕೊಡುವಾಗ ಮೂರು ತಲೆಮಾರು ವಿಚಾರಿಸುವ ನಮ್ಮ ಜನರು, ದೇಶದ ಉರಿಯನ್ನು ಇಪ್ಪತ್ತು ವರ್ಷದ ಮಟ್ಟಿಗೆ ಒಬ್ಬರ ಕೈಗೆ ಒಪ್ಪಿಸುವಾಗ ಅಷ್ಟನ್ನಾದರೂ ವಿಚಾರಿಸಬಾರದೇ?