ನಾಲ್ಕು ಚಕ್ರ ತಿರುಗಿದ ಮಾತ್ರಕ್ಕೆ ಕೆಸರು ದಾಟಿದಂತಲ್ಲ

‘ಆಲ್ ವೀಲ್ ಡ್ರೈವ್ ಗಾಡಿ, ಎಂಥ ಕೆಸರಾದರೂ ದಾಟುತ್ತದೆ’ ಎಂಬ ಧೈರ್ಯದಲ್ಲಿ ಮಳೆಗಾಲದ ಮಣ್ಣುರಸ್ತೆಗೆ ಇಳಿಯುವವರು ಬಹಳ. ಒದ್ದೆ ಡಾಂಬರು, ಜಲ್ಲಿ, ತೆಳು ರಾಡಿಯ ಮಟ್ಟಿಗೆ ಆ ಧೈರ್ಯ ಸರಿಯೇ. ಆಳದ ಹುದುಲಿನ ಲೆಕ್ಕವೇ ಬೇರೆ. ಎಂಜಿನ್ನಿನ ಬಲವನ್ನು ನಾಲ್ಕು ಚಕ್ರಗಳಿಗೆ ಹಂಚುವುದಷ್ಟೇ ಈ ವ್ಯವಸ್ಥೆಯ ಕೆಲಸ. ನೆಲವನ್ನು ಹಿಡಿಯಬೇಕಾದ್ದು ಟೈರು. ಹೆದ್ದಾರಿಗೆಂದು ಮಾಡಿದ ಟೈರಿನ ಗೀರುಗಳು ಕಿರಿದು. ಗದಗ, ವಿಜಯಪುರದ ಕಡೆಯ ಎರೆಮಣ್ಣು ಅವುಗಳಲ್ಲಿ ಮೆತ್ತಿಕೊಂಡರೆ ನಾಲ್ಕೂ ಚಕ್ರಗಳು ಒಟ್ಟಿಗೆ ಜಾರುತ್ತವೆ. ಗದ್ದೆ ಉಳುವ ಟ್ರ್ಯಾಕ್ಟರಿಗೇ ಕಬ್ಬಿಣದ ಕೇಜ್ ವೀಲ್ ಬೇಕಾಗುತ್ತದೆ ಎಂಬುದು ನೆನಪಿರಲಿ.

ನಾಲ್ಕೂ ಚಕ್ರಗಳು ಸದಾ ಎಳೆಯುತ್ತಿರುತ್ತವೆ ಎಂಬುದೂ ಇಂಥ ಎಷ್ಟೋ ಕಾರುಗಳಲ್ಲಿ ನಿಜವಲ್ಲ. ಎಳೆಯುವುದು ಹೆಚ್ಚಾಗಿ ಮುಂದಿನವೇ. ಅವು ಜಾರಿದಾಗ ಒಂದು ಕ್ಲಚ್ ಬಿಗಿದು ಹಿಂದಕ್ಕೂ ಬಲ ಕಳಿಸುತ್ತದೆ. ಕೆಸರಿನಲ್ಲಿ ಚಕ್ರ ಗಿರಗಿರನೆ ತಿರುಗುತ್ತಲೇ ಇದ್ದರೆ ಆ ಕ್ಲಚ್ ಬಿಸಿಯಾಗುತ್ತದೆ. ಅದು ಸುಟ್ಟುಹೋಗದಿರಲೆಂದು ಕಂಪ್ಯೂಟರ್ ಅದನ್ನು ಸಡಿಲಿಸುತ್ತದೆ. ಬಲ ತೀರಾ ಬೇಕಾದ ಹೊತ್ತಿಗೆ ಕೈಯಲ್ಲಿ ಉಳಿಯುವುದು ಎರಡು ಚಕ್ರದ ಕಾರು.

‘ಗ್ರೌಂಡ್ ಕ್ಲಿಯರೆನ್ಸ್ ಚೆನ್ನಾಗಿದೆಯಲ್ಲ’ ಎನ್ನುವವರು ಇದನ್ನು ಗಮನಿಸಬೇಕು: ಮಾರುತಿಯ ಗ್ರ್ಯಾಂಡ್ ವಿಟಾರಾ, ಜಿಮ್ನಿ ಎರಡಕ್ಕೂ ಅದು 210 ಮಿ.ಮೀ. ಆದರೆ ಜಿಮ್ನಿಗೆ ಏಣಿಯಾಕಾರದ ಗಟ್ಟಿ ಚೌಕಟ್ಟು, ಅಂದರೆ ಲ್ಯಾಡರ್ ಚಾಸಿಯಿದೆ, ಚಕ್ರಗಳನ್ನು ನಿಧಾನವಾಗಿ, ಹೆಚ್ಚು ಬಲದಿಂದ ತಿರುಗಿಸುವ ಲೋ ರೇಂಜ್ ಗೇರಿದೆ. ಗ್ರ್ಯಾಂಡ್ ವಿಟಾರಾದಲ್ಲಿ ಆಲ್ ವೀಲ್ ಡ್ರೈವ್ ತೆಗೆದುಕೊಂಡರೂ ಇವೆರಡೂ ಇಲ್ಲ. ಅಲ್ಲದೆ ಆ 210 ಮಿ.ಮೀ. ಗಟ್ಟಿ ನೆಲದ ಲೆಕ್ಕ. ಚಕ್ರ ಹೂತಷ್ಟೂ ಅದು ಕರಗುತ್ತದೆ. ಕೊನೆಗೆ ಕಾರಿನ ಹೊಟ್ಟೆ ಕೆಸರಿಗೆ ತಾಗಿ ಭಾರವೆಲ್ಲ ಅದರ ಮೇಲೆ ಕೂತರೆ ಚಕ್ರಕ್ಕೆ ಒತ್ತಡವೇ ಇರದು. ಒತ್ತಡವಿಲ್ಲದೆ ಹಿಡಿತವಿಲ್ಲ. ಜಿಮ್ನಿಗೂ ಈ ಮಿತಿ ತಪ್ಪಿದ್ದಲ್ಲ, ತಡವಾಗಿ ಬರುತ್ತದೆ ಅಷ್ಟೆ.

ಎಲ್ಲಕ್ಕಿಂತ ಕೆಟ್ಟದ್ದು ‘ಸಿಕ್ಕಿಕೊಂಡರೆ ಆಕ್ಸಲರೇಟರ್ ಒತ್ತು’ ಎಂಬ ಸಲಹೆ. ಒತ್ತಿದಷ್ಟೂ ಚಕ್ರ ತನ್ನ ಗುಂಡಿಯನ್ನು ತಾನೇ ತೋಡುತ್ತದೆ. ಕೂಡಲೇ ನಿಲ್ಲಿಸಿ, ಬಂದ ಜಾಡಿನಲ್ಲೇ ಮೆಲ್ಲಗೆ ಹಿಂದಕ್ಕೆ ತನ್ನಿ. ಆಗದಿದ್ದರೆ ಚಕ್ರದ ಮುಂದಿನ ಕೆಸರನ್ನು ತೆಗೆದು ಕಲ್ಲು, ಸೊಪ್ಪು, ಗೋಣಿಚೀಲ ಹಾಸಿ. ಟೈರಿನ ಗಾಳಿಯನ್ನು ಸ್ವಲ್ಪ ಇಳಿಸಿ, ಗಟ್ಟಿ ನೆಲ ಸೇರಿದೊಡನೆ ಮತ್ತೆ ತುಂಬಿಸಿ. ಟ್ರ್ಯಾಕ್ಟರ್ ಕರೆಸಿದರೆ ಹಗ್ಗವನ್ನು ಬಂಪರಿಗೆ ಕಟ್ಟಲೇಬೇಡಿ. ಹಲವು ಕಾರುಗಳ ಟೂಲ್ ಕಿಟ್‌ನಲ್ಲೇ ಕೊಕ್ಕೆಯಿರುತ್ತದೆ. ಬಂಪರಿನ ಪುಟ್ಟ ಮುಚ್ಚಳ ತೆಗೆದು ಅದನ್ನು ಪೂರ್ತಿ ತಿರುಪಿ ಕೂರಿಸಿ, ಅದಕ್ಕೇ ಕಟ್ಟಿಸಿ.